ಮೇಜಿನ ಕೆಳಗಿನ ತಟ್ಟೆ

ಬೊಜೊನೆಗೊರೊ
೧೮ ಜುಲೈ ೧೯೯೪

ಕಸ್ ಅಕ್ಕನಿಗೆ,

ಬಂದು ಸೇರಿದೆ. ದಾರಿಯುದ್ದಕ್ಕೂ ವಾಂತಿ ಮಾಡಿಕೊಂಡೆ. ಲಾರಿ ಡ್ರೈವರ್ ಗಿಮಾನ್ ಅದನ್ನು ಇಷ್ಟರಲ್ಲಿ ಇಡೀ ಕುದುಸ್ ಊರಿಗೆ ಸಾರಿರುತ್ತಾನೆ, ಅದಕ್ಕೆ ನಾನೇ ಮೊದಲು ಹೇಳಿಬಿಟ್ಟೆ. ಈ ಪತ್ರವನ್ನೂ ಅವನ ಕೈಯಲ್ಲೇ ಕೊಡುತ್ತಿದ್ದೇನೆ, ನೀನೂ ಅವನ ಕೈಯಲ್ಲೇ ಕೊಡು. ಹೊಗೆಸೊಪ್ಪು ಹೇರಿಕೊಂಡು ತಿಂಗಳಿಗೊಮ್ಮೆಯಾದರೂ ಬಂದು ಹೋಗುತ್ತಾನೆ. ಅಂಚೆಗಿಂತ ವಾಸಿ.

ಸಿಗರೇಟು ಸುತ್ತುವುದನ್ನು ಕಲಿಸು ಅಂತ ಕಳಿಸಿದ್ದಾರಲ್ಲ, ಇಲ್ಲಿ ಎಲ್ಲ ಹೊಸದು. ಶೆಡ್ಡಿನಲ್ಲಿ ಸುಣ್ಣದ ವಾಸನೆಯೇ ಜಾಸ್ತಿ, ಸಿಗರೇಟಿಗೆ ಬೆರೆಸುವ ಲವಂಗದ ವಾಸನೆ ಇನ್ನೂ ಗೋಡೆಗೆ ಹತ್ತಿಲ್ಲ. ಹುಡುಗಿಯರು ಗದ್ದೆ ಕೆಲಸ ಬಿಟ್ಟು ಬಂದವರು. ಸಿಗರೇಟು ಸುತ್ತಿ ಅಂದರೆ ಪೈರಿನ ಕಟ್ಟು ಕಟ್ಟಿದ ಹಾಗೆ ಕಟ್ಟುತ್ತಾರೆ. ಕತ್ತರಿ ಹಿಡಿದವಳಂತೂ ತುದಿ ಕತ್ತರಿಸುವುದಕ್ಕೆ ಮುಂಚೆ ಉಸಿರು ಬಿಗಿಹಿಡಿದು ಕೂರುತ್ತಾಳೆ. ಇಷ್ಟು ವರ್ಷ ನಾನು ಸುತ್ತಿದ್ದು ಪಕ್ಕದಲ್ಲಿ ನಿನ್ನ ಕತ್ತರಿಯ ಸದ್ದು ಕೇಳಿಕೊಂಡು. ಆ ಸದ್ದಿಲ್ಲದೆ ನನ್ನ ಕೈಯೇ ತಾಳ ತಪ್ಪುತ್ತಿದೆ. ಹುಡುಗಿಯರ ಮುಂದೆ ಮರ್ಯಾದೆ ಹೋಗದಿದ್ದರೆ ಸಾಕು.

ಹೊರಡುವ ದಿನ ನೀನು ಗೇಟಿನ ತನಕ ಬರಲಿಲ್ಲ. ಕೆಲಸವಿತ್ತು ಅನ್ನಬೇಡ, ಅಳು ಬಂದಿತ್ತು ಅಂತ ನನಗೆ ಗೊತ್ತು. ಬಂದಿದ್ದರೆ ಒಂದು ತಮಾಷೆ ನೋಡುತ್ತಿದ್ದೆ. ಯಜಮಾನಿ ಬು ಹಾಜಿ ಊರುಗೋಲು ಊರಿಕೊಂಡು ಬಂದು ನನ್ನ ಕೆನ್ನೆ ಸವರಿ, "ಆತುರ ಮಾಡಿಸ್ಬೇಡ ಮಗಾ. ಮೊದಲು ಬಿಗಿ ಕಲಿಸು, ಲೆಕ್ಕ ಆಮೇಲೆ. ರಂಜಾನ್ ಉಪವಾಸ ಮುಗಿದು ಲೆಬರಾನ್ ಹಬ್ಬ ಬರೋ ಹೊತ್ತಿಗೆ ನಿನ್ನ ಬೆಂಚಿಗೆ ನೀನು ವಾಪಸ್" ಅಂದರು. ಅವರು ಒಳಗೆ ಹೋದದ್ದೇ ತಡ, ಅವರ ಮಗ ಮಾಸ್ ಹನಾಫಿ ಲಾರಿ ಕಿಟಕಿಗೆ ಕೈಯಿಟ್ಟು, "ಒಂದೇ ತಿಂಗಳು. ಅಷ್ಟರೊಳಗೆ ಕುದುಸಿನಷ್ಟೇ ಮಾಲು ಬರ್ಬೇಕು. ವಾಪಸ್ ಬರೋ ವಿಷಯ ಈಗ್ಯಾಕೆ" ಅಂದರು. ಯಜಮಾನಿಗೂ ತಲೆಯಾಡಿಸಿದೆ, ಚಿಕ್ಕ ಯಜಮಾನರಿಗೂ ತಲೆಯಾಡಿಸಿದೆ. ಇನ್ನೇನು ಮಾಡಲಿ? ನಿಮ್ಮ ಅಮ್ಮ ಬೇರೆ ಥರ ಹೇಳಿದರು ಅಂತ ಮಗನ ಮುಖಕ್ಕೆ ಹೇಳುವುದುಂಟೇ?

ನಾನು ನಂಬಿಕೊಂಡಿರುವುದು ಹಬ್ಬದ ಮಾತನ್ನು. ನಮ್ಮ ಕಿಟಕಿ ಪಕ್ಕದ ಬೆಂಚು ನೋಡಿಕೊಂಡಿರು. ಜೋಡಿಯಲ್ಲಿ ಒಬ್ಬಳು ಕೂತಿರುವ ತನಕ ಇನ್ನೊಬ್ಬಳ ಜಾಗ ಅವಳದೇ. ನೀನು ಎದ್ದರೆ ಇಬ್ಬರದೂ ಹೋಗುತ್ತದೆ.

ಹೊಟ್ಟೆ ಸರಿಹೋದ
ಜುಮ್ರೊತುನ್


ಕುದುಸ್
೯ ಆಗಸ್ಟ್ ೧೯೯೪

ಏ ಕಪಿ,

ಅಳು ಬಂದಿತ್ತಂತೆ. ಯಾರು ಹೇಳಿದ್ದು ನಿನಗೆ? ಅವತ್ತು ಕಣ್ಣಿಗೆ ಲವಂಗದ ಪುಡಿ ಬಿದ್ದಿತ್ತು.

ನಿನ್ನ ಜಾಗದಲ್ಲಿ ಇಸ್ಮಿಯಾ ಅಂತ ಒಂದು ಹುಡುಗಿಯನ್ನು ಕೂರಿಸಿದ್ದಾರೆ. ಕೂತ ಮೊದಲ ದಿನವೇ ಅವಳಿಗೆ ಹೇಳಿದೆ, ಇದು ಜುಮ್ ಜಾಗ, ನೀನು ನೆಂಟಳು, ಕಾಲು ಚಾಚಬೇಡ ಅಂತ. ಒಳ್ಳೆಯ ಹುಡುಗಿ, ನನ್ನನ್ನು ಕಂಡರೆ ಹೆದರುತ್ತಾಳೆ. ಆದರೆ ಅವಳು ಸುತ್ತಿದ್ದು ಸಡಿಲ. ನನ್ನ ಕತ್ತರಿ ತಾಗಿದರೆ ಸಾಕು, ಸೊಪ್ಪು ಮಡಿಲಿಗೆ ಉದುರುತ್ತದೆ. ಮನೆಗೆ ಹೋದರೆ ನನ್ನ ಗಂಡ ದಾರ್ಮಾಜಿ, "ಬಟ್ಟೆ ಕೊಡವಿದ್ರೆ ಒಂದು ಪ್ಯಾಕೆಟ್ ಆಗುತ್ತಲ್ಲೇ" ಅಂತ ನಗುತ್ತಾನೆ. ಸೈಕಲ್ ರಿಕ್ಷಾ ತುಳಿದು ತುಳಿದು ಕಾಲು ಸೋತರೂ ಬಾಯಿ ಸೋತಿಲ್ಲ ಆ ಮನುಷ್ಯನಿಗೆ.

ಇಬ್ಬರು ಯಜಮಾನರ ವಿಷಯ ಬರೆದಿದ್ದೆಯಲ್ಲ, ಇಲ್ಲಿ ಕೇಳು. ಶುಕ್ರವಾರ ಬೆಳಿಗ್ಗೆ ಬು ಹಾಜಿ ಬಂದರು. ನಮ್ಮ ತಟ್ಟೆಯಿಂದ ಒಂದೊಂದೇ ಎತ್ತಿ ಉಗುರಿನಿಂದ ಒತ್ತಿ ನೋಡಿದರು. ಅರ್ಧಕ್ಕರ್ಧ ಕಸದ ಬುಟ್ಟಿಗೆ ಹಾಕಿ, ಸಡಿಲ ಮಾಲು ಹೊರಗೆ ಹೋದರೆ ತೀರಿಕೊಂಡ ನನ್ನ ಗಂಡನ ಹೆಸರು ಹೋಗುತ್ತದೆ ಅಂದರು. ಮಧ್ಯಾಹ್ನ ಮಾಸ್ ಹನಾಫಿ ಬಂದರು, ಕುತ್ತಿಗೆಯಲ್ಲಿ ಆಟದ ಮೇಷ್ಟರ ಹಾಗೆ ಗಡಿಯಾರ. ಬುಟ್ಟಿಗೆ ಕೈ ಹಾಕಿ ಅದೇ ಸಿಗರೇಟುಗಳನ್ನು ಎತ್ತಿ, ಇಷ್ಟು ಒಳ್ಳೆಯ ಮಾಲನ್ನು ಬಿಸಾಡಿದ ಪುಣ್ಯಾತ್ಗಿತ್ತಿ ಯಾರು ಅಂತ ಕೇಳಿದರು. ಇಡೀ ಸಾಲು ತಲೆ ತಗ್ಗಿಸಿತು. ನಿಮ್ಮ ಅಮ್ಮ ಅಂತ ಹೇಳುವ ಗಂಡೆದೆ ಯಾರಿಗಿದೆ?

ಅವರು ಹೋದ ಮೇಲೆ ತಸ್ರಿಪಾ ಮೇಸ್ತ್ರಿಯನ್ನು ಕೇಳಿದೆ, ಯಾರ ಮಾತು ಕೇಳಬೇಕು ಅಂತ. ಅವಳು ತಲೆವಸ್ತ್ರದಿಂದ ಮುಖ ಒರೆಸಿಕೊಂಡು, "ಮುಂದೆ ಯಾರು ನಿಂತಿದ್ದಾರೋ ಅವರ ಮಾತು, ಅಷ್ಟೇ" ಅಂದಳು. ಅವಳಿಗೂ ರಕ್ತದೊತ್ತಡವಂತೆ ಪಾಪ.

ಹಂಗಾಮಿ ಹುಡುಗಿಯನ್ನು ಬೈದು ಬೈದು ಸುಸ್ತಾಗಿದೆ. ನೀನಿದ್ದರೆ ನಿನ್ನನ್ನು ಬೈಯಬಹುದಿತ್ತು. ಎಮ್ಮೆ ಮಾಂಸದ ಸಾರು ಮಾಡಿದ ದಿನ ಪಾತ್ರೆಯಲ್ಲಿ ಉಳಿದುಹೋಗುತ್ತದೆ, ಉಣ್ಣುವವರಿಲ್ಲ.

ಕಸ್ಮಿರಾ


ಬೊಜೊನೆಗೊರೊ
೨ ಸೆಪ್ಟೆಂಬರ್ ೧೯೯೪

ಕಸ್ ಅಕ್ಕಾ,

ಕುಣಿಯಬೇಕು ಅನ್ನಿಸುತ್ತಿದೆ. ದಾರಿ ಸಿಕ್ಕಿತು.

ಇಲ್ಲಿಗೂ ಇಬ್ಬರೂ ಬರುತ್ತಾರೆ, ಬೇರೆ ಬೇರೆ ದಿನ. ಬು ಹಾಜಿ ಬಂದಾಗ ಹುಡುಗಿಯರು ಬೇಗ ಬೇಗ ಸುತ್ತಿ ಬೈಸಿಕೊಳ್ಳುವುದು, ಮಾಸ್ ಹನಾಫಿ ಬಂದಾಗ ನಿಧಾನ ಮಾಡಿ ಬೈಸಿಕೊಳ್ಳುವುದು. ಒಬ್ಬಳು ಅತ್ತುಕೊಂಡು ಗದ್ದೆಗೇ ಹೋಗುತ್ತೇನೆ ಅಂತ ಎದ್ದಳು. ಆಗ ನನಗೆ ಹೊಳೆಯಿತು. ಬೆಂಚಿಗೆ ಎರಡು ತಟ್ಟೆ. ಬೆಳಿಗ್ಗೆ ಕೈ ಚುರುಕಾಗಿರುವಾಗ ಒಂದು ತಟ್ಟೆ ತುಂಬ ಬಿಗಿಯಾಗಿ, ಮುದ್ದಾಗಿ ಸುತ್ತಿ ಇಟ್ಟುಬಿಡುವುದು. ಅದು ಯಜಮಾನಿಯ ತಟ್ಟೆ. ಆಮೇಲೆ ಇಡೀ ದಿನ ಬಿರುಸಾಗಿ ಸುತ್ತಿದ್ದು ಚಿಕ್ಕ ಯಜಮಾನರ ತಟ್ಟೆ. ಗೇಟಿನಲ್ಲಿ ಹಳೆಯ ಕಾರಿನ ಸದ್ದಾದರೆ ಮೊದಲನೆಯದು ಮೇಜಿನ ಮೇಲೆ, ಇನ್ನೊಂದು ಕೆಳಗೆ. ಜೀಪಿನ ಸದ್ದಾದರೆ ಅದಲು ಬದಲು. ಸಂಜೆ ಎರಡೂ ಒಂದೇ ಪೆಟ್ಟಿಗೆಗೆ. ಇಬ್ಬರೂ ಬೆನ್ನು ತಟ್ಟಿ ಹೋದರು. ನೀನೂ ಮಾಡು, ಅಕ್ಕಾ. ಬೈಗುಳ ಯಾಕೆ ತಿನ್ನಬೇಕು?

ಇನ್ನೊಂದು ವಿಷಯ. ಮೊನ್ನೆ ಮಾಸ್ ಹನಾಫಿ ಖುಷಿಯಲ್ಲಿದ್ದಾಗ, ಕುದುಸಿನಿಂದ ಕೈ ಪಳಗಿದ ಜೋಡಿಗಳು ಈಗ ಬಂದರೆ ಇಲ್ಲಿ ಕಾಯಂ ಮಾಡುತ್ತೇನೆ ಅಂದರು. ಅಲ್ಲಿ ಬೆಂಚುಗಳು ಕಮ್ಮಿಯಾಗುತ್ತವಂತೆ. ನಾನು ನಿನ್ನ ಹೆಸರು ಹೇಳಿಬಿಟ್ಟೆ. ಇಲ್ಲಿ ನದಿ ಹತ್ತಿರ ಬಾಡಿಗೆ ಮನೆಗಳಿವೆ, ದಾರ್ಮಾಜಿ ಬಾವನ ರಿಕ್ಷಾ ಇಲ್ಲೂ ಓಡುತ್ತದೆ. ಬಂದುಬಿಡು. ಇಲ್ಲಿನ ಗರಿಗರಿ ತಿಂಡಿ, ಬಾಳೆಹಣ್ಣಿನ ಲೆದ್ರೆ ಕಳಿಸಿದ್ದೇನೆ. ಗಿಮಾನ್ ದಾರಿಯಲ್ಲಿ ತಿಂದಿದ್ದರೆ ಅವನ ಕಿವಿ ಹಿಂಡು.

ಜುಮ್


ಕುದುಸ್
೩೦ ಸೆಪ್ಟೆಂಬರ್ ೧೯೯೪

ಏ ತಲೆಹರಟೆ,

ಲೆದ್ರೆ ಪುಡಿಪುಡಿಯಾಗಿ ಬಂತು. ಚಮಚದಲ್ಲಿ ತಿಂದೆವು.

ನಿನ್ನ ತಟ್ಟೆಯ ಉಪಾಯ ನಮ್ಮ ಬೆಂಚಿನಿಂದ ಶುರುವಾಗಿ ಈಗ ಇಡೀ ಸಾಲಿಗೆ ಹಬ್ಬಿದೆ. ಕಾರಿನ ಸದ್ದು ಕೇಳಿದರೆ ನಲವತ್ತು ಹೆಂಗಸರು ಒಟ್ಟಿಗೆ ಬಗ್ಗುತ್ತೇವೆ, ನಮಾಜಿಗೆ ಬಗ್ಗಿದ ಹಾಗೆ. ಮೇಸ್ತ್ರಿ ಆ ಹೊತ್ತಿಗೆ ಸರಿಯಾಗಿ ನೀರು ಕುಡಿಯಲು ಹೋಗುತ್ತಾಳೆ. ಬಹಳ ದಿನದ ಮೇಲೆ ಶೆಡ್ಡಿನಲ್ಲಿ ಹಾಡು ಕೇಳಿಸಿತು. ಇಸ್ಮಿಯಾ ಕೂಡ ನಕ್ಕಳು, ಹಲ್ಲು ಚೆನ್ನಾಗಿದೆ ಅಂತ ಅವತ್ತೇ ಗೊತ್ತಾಗಿದ್ದು.

ಆದರೆ ನಾನು ಬರುವುದಿಲ್ಲ. ಹೋದ ವಾರ ಬು ಹಾಜಿ ನಮ್ಮ ಬೆಂಚಿನಲ್ಲಿ, ನಿನ್ನ ಜಾಗದಲ್ಲಿ ಕೂತರು. ನನ್ನ ಕೈ ಹಿಡಿದುಕೊಂಡು, "ನಾನು ಬದುಕಿರೋ ತನಕ ಇಲ್ಲಿ ಒಂದು ಬೆಂಚೂ ಅಲ್ಲಾಡಲ್ಲ ಕಸ್ಮಿರಾ" ಅಂದರು. ನಾನು ಹದಿಹರೆಯದಲ್ಲಿ ಬಂದು ಕೂತಾಗ ಕತ್ತರಿ ಹಿಡಿಯಲು ಕಲಿಸಿದ ಕೈ ಅದು. ಬೆಂಚು ಬಿಟ್ಟು ಬಾ ಅನ್ನುತ್ತೀಯಲ್ಲ, ಬಿಟ್ಟರೆ ನೀನು ಹಬ್ಬಕ್ಕೆ ಎಲ್ಲಿಗೆ ವಾಪಸ್ ಬರುತ್ತೀ? ನೀನೇ ಬಾ. ಅಮ್ಮನ ಮಾತಿಗಿಂತ ಮಗನ ಮಾತು ನಿನಗೆ ಯಾವಾಗಿನಿಂದ ರುಚಿಸಿತು?

ಕಸ್ಮಿರಾ


ಬೊಜೊನೆಗೊರೊ
೨೫ ಅಕ್ಟೋಬರ್ ೧೯೯೪

ಅಕ್ಕಾ,

ನಿನ್ನ ಪತ್ರ ಓದಿ ಸಿಟ್ಟು ಬಂತು, ಅದಕ್ಕೇ ತಕ್ಷಣ ಬರೆಯಲಿಲ್ಲ. ರುಚಿಯ ಮಾತಲ್ಲ ಇದು.

ಮಾಸ್ ಹನಾಫಿ ನನ್ನನ್ನು ಕಚೇರಿಗೆ ಕರೆದು ಚಿತ್ರ ತೋರಿಸಿದರು. ಯಂತ್ರದ ಚಿತ್ರ. ನಮ್ಮ ಒಂದು ಸಾಲು ದಿನವೆಲ್ಲ ಸುತ್ತುವುದನ್ನು ಅದು ಊಟದ ಹೊತ್ತಿಗೆ ಉಗುಳುತ್ತದಂತೆ. ತರಿಸಲು ಹೇಳಿ ಆಗಿದೆ. ಲೆಬರಾನ್ ಕಳೆದ ಮೇಲೆ ಕುದುಸಿನ ಶೆಡ್ಡಿನಲ್ಲಿ ಕೂರಿಸುತ್ತಾರೆ, ಮೊದಲು ತೆಗೆಯುವುದು ಕಿಟಕಿ ಕಡೆಯ ಸಾಲು. ಅವರ ಅಮ್ಮನಿಗೆ ಇನ್ನೂ ಗೊತ್ತಿಲ್ಲ. "ಸಮಯ ನೋಡಿ ಹೇಳ್ತೀನಿ, ನೀನು ಬಾಯಿ ಬಿಡ್ಬೇಡ" ಅಂದರು. ಬಿಡುವುದಿಲ್ಲ ಅಂದೆ. ಆದರೆ ನಿನಗೆ ಹೇಳದೆ ನಾನು ಅನ್ನ ಹೇಗೆ ಉಣ್ಣಲಿ? ನೀನು ಯಾರಿಗೂ ಹೇಳಬೇಡ. ಬು ಹಾಜಿಗಂತೂ ಹೇಳಲೇಬೇಡ.

ಬು ಹಾಜಿ ಸುಳ್ಳು ಹೇಳುತ್ತಿಲ್ಲ ಅಕ್ಕಾ, ಅವರಿಗೆ ಗೊತ್ತಿರುವುದೇ ಅಷ್ಟು. ನೀನು ಕಾಯುತ್ತಿರುವ ಬೆಂಚು ಇರುವುದಿಲ್ಲ. ನನಗೆ ಬೆಂಚು ಬೇಡ, ಪಕ್ಕದಲ್ಲಿ ನೀನಿದ್ದರೆ ಸಾಕು. ಬಾ ಅಂತ ಕಾಲು ಹಿಡಿದು ಕೇಳುತ್ತೇನೆ.

ಜುಮ್


ಕುದುಸ್
೨೦ ನವೆಂಬರ್ ೧೯೯೪

ಜುಮ್,

ಹೇಳಬೇಡ ಅಂದೆ, ಹೇಳಲಿಲ್ಲ. ಹೇಳಬೇಡ ಅನ್ನುವುದನ್ನು ನನಗೆ ಯಾಕೆ ಹೇಳಿದೆ ಮಾರಾಯ್ತಿ?

ಬು ಹಾಜಿ ಶುಕ್ರವಾರ ಬಂದು ಹಬ್ಬಕ್ಕೆ ಎಲ್ಲರಿಗೂ ಒಂದೇ ಥರದ ಬಟ್ಟೆ ಹೊಲಿಸುತ್ತೇನೆ ಅಂತ ಬಣ್ಣ ಕೇಳಿದರು. ಒಬ್ಬೊಬ್ಬಳು ಒಂದೊಂದು ಬಣ್ಣ ಹೇಳಿದಳು, ನಗು, ಗದ್ದಲ. ನನ್ನ ಕಡೆ ತಿರುಗಿ, ನೀನು ಯಾಕೆ ಸುಮ್ಮನಿದ್ದೀ ಅಂದರು. ಹಸಿರು ಅಂದೆ. ಅವರ ಮುಖ ನೋಡಲು ಆಗಲಿಲ್ಲ. ಸ್ವಂತ ಮಗ ಹೇಳದ್ದನ್ನು ಕೂಲಿಯವಳ ಬಾಯಲ್ಲಿ ಕೇಳಿಸಿಕೊಂಡರೆ ಆ ಜೀವ ಎಲ್ಲಿ ಮುಖ ಇಟ್ಟುಕೊಳ್ಳಬೇಕು? ಅದಕ್ಕೆ ನುಂಗಿಕೊಂಡೆ.

ದಾರ್ಮಾಜಿ ಯಾಕೆ ನಿದ್ದೆ ಬರುತ್ತಿಲ್ಲ ಅಂತ ಕೇಳುತ್ತಾನೆ. ಅವನಿಗೂ ಹೇಳಿಲ್ಲ.

ಕಸ್ಮಿರಾ


ಬೊಜೊನೆಗೊರೊ
೨೮ ಡಿಸೆಂಬರ್ ೧೯೯೪

ಅಕ್ಕಾ,

ಗಿಮಾನ್ ಬರಿಗೈಯಲ್ಲಿ ಬಂದ. ಪತ್ರ ಎಲ್ಲಿ ಅಂದರೆ ಕೊಡಲಿಲ್ಲ ಅಂದ. ಅಕ್ಕ ಹೇಗಿದ್ದಾಳೆ ಅಂದರೆ ಟೈರು ನೋಡುತ್ತ ಆಚೆ ಹೋದ. ಬಾಯಿಗೆ ಬೀಗವಿಲ್ಲದವನು ಅವನು, ಅವನೇ ಸುಮ್ಮನಾದರೆ ನನಗೆ ಹೆದರಿಕೆಯಾಗುತ್ತದೆ. ಬಾವನಿಗೆ ಹುಷಾರಿಲ್ಲವೇ? ನಿನಗೇ ಏನಾದರೂ ಆಯಿತೇ? ನನ್ನ ಮೇಲೆ ಕೋಪವಿದ್ದರೆ ಅದನ್ನಾದರೂ ಬರೆ. ನಿನ್ನ ಬೈಗುಳವಿಲ್ಲದೆ ತಿಂಗಳು ಕಳೆದದ್ದು ಇದೇ ಮೊದಲು.

ಜುಮ್


ಕುದುಸ್
೧೪ ಜನವರಿ ೧೯೯೫

ಜುಮ್,

ಕೋಪವಿಲ್ಲ. ಬರೆಯಲು ಕೈ ಏಳಲಿಲ್ಲ.

ಡಿಸೆಂಬರಿನಲ್ಲಿ ಸೆಮಾರಾಂಗಿನಿಂದ ಒಬ್ಬ ದೊಡ್ಡ ಸಗಟು ವ್ಯಾಪಾರಿ ಶೆಡ್ಡು ನೋಡಲು ಬಂದ. ಅವನ ಒಂದು ಪಕ್ಕ ಬು ಹಾಜಿ, ಇನ್ನೊಂದು ಪಕ್ಕ ಮಾಸ್ ಹನಾಫಿ. ಇಬ್ಬರೂ ಒಟ್ಟಿಗೆ ಒಳಗೆ ಬಂದದ್ದನ್ನು ನಾವು ಯಾವತ್ತೂ ನೋಡಿರಲಿಲ್ಲ. ಕಾರೂ ಇಲ್ಲ, ಜೀಪೂ ಇಲ್ಲ, ವ್ಯಾಪಾರಿಯ ಗಾಡಿಯಲ್ಲಿ ಬಂದಿದ್ದರು. ನಮ್ಮ ಬೆಂಚೇ ಮೊದಲು. ನಾನು ಮೇಸ್ತ್ರಿಯ ಮುಖ ನೋಡಿದೆ. ಅವಳು ಕಣ್ಣಿನಲ್ಲೇ ಮೇಲೆ ಅಂದಳು, ಮತ್ತೆ ಕೆಳಗೆ ಅಂದಳು, ಆಮೇಲೆ ಕಣ್ಣು ಮುಚ್ಚಿಕೊಂಡಳು.

ನಾನು ಎರಡೂ ತಟ್ಟೆ ಮೇಜಿನ ಮೇಲೆ ಇಟ್ಟೆ.

ಗಾಬರಿಯಲ್ಲಿ ಇಟ್ಟೆ ಅಂತ ಎಲ್ಲರೂ ಅಂದುಕೊಂಡಿದ್ದಾರೆ. ನಿನಗೆ ನಿಜ ಹೇಳುತ್ತೇನೆ, ಬೇಕೆಂದೇ ಇಟ್ಟೆ. ನೋಡಲಿ, ನೋಡಿದರೆ ತಾಯಿ ಮಗ ಒಬ್ಬರಿಗೊಬ್ಬರು ಮಾತಾಡಿಯಾರು, ಯಂತ್ರದ ವಿಷಯವೂ ಬಾಯಿಗೆ ಬಂದೀತು, ನಾನು ನುಂಗಿಕೊಂಡದ್ದು ನಾನು ಹೇಳದೆಯೇ ಹೊರಬಿದ್ದೀತು ಅಂದುಕೊಂಡೆ. ಎಂಥ ಬುದ್ಧಿ ನೋಡು.

ಬು ಹಾಜಿ ಒಂದು ತಟ್ಟೆಯಿಂದ ಒಂದು ಎತ್ತಿದರು, ಇನ್ನೊಂದರಿಂದ ಇನ್ನೊಂದು. ಒತ್ತಿ ನೋಡಿದರು. ವ್ಯಾಪಾರಿ ನಕ್ಕ. ಅವನು ನಕ್ಕದ್ದೇ ತಪ್ಪಾಯಿತು.

"ನನ್ನ ಅನ್ನ ತಿಂದು ನನಗೇ ಎರಡು ತಟ್ಟೆ ಇಟ್ಯಾ? ಯಾರು ಹೇಳ್ಕೊಟ್ರು ನಿನಗೆ?"

"ಯಾರೂ ಇಲ್ಲ ಬು ಹಾಜಿ. ನನ್ನದೇ ಬುದ್ಧಿ."

ಇವಳು ಇನ್ನು ಇಲ್ಲಿ ಬೇಡ ಅನ್ನುವಾಗ ಅವರ ಕಣ್ಣಲ್ಲಿ ನೀರು ಬಂತು, ಜುಮ್. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಮಾಸ್ ಹನಾಫಿ ನನ್ನ ಕಡೆ ನೋಡದೆ, ಅಮ್ಮ ಹೇಳಿದ ಮೇಲೆ ಮುಗಿಯಿತು, ಎದ್ದೇಳು ಅಂದರು. ಇಷ್ಟು ವರ್ಷದಲ್ಲಿ ತಾಯಿ ಮಗ ಒಂದೇ ಮಾತು ಆಡಿದ್ದು ನಾನು ಕಂಡದ್ದು ಅದೊಂದೇ. ಹಿಂದಿನ ಬೆಂಚುಗಳಲ್ಲಿ ತಟ್ಟೆಯನ್ನು ಕಾಲಿನಿಂದ ಒಳಗೆ ತಳ್ಳುವ ಸದ್ದು ಕೇಳಿಸಿತು, ಸಾಲಿನ ಕೊನೆಯ ತನಕ. ಅವರನ್ನು ಏನನ್ನಲಿ? ಎಲ್ಲರಿಗೂ ಮಕ್ಕಳಿವೆ.

ಕತ್ತರಿ ಮಾತ್ರ ತೆಗೆದುಕೊಂಡು ಬಂದೆ, ಅದು ನನ್ನದು. ಬೆಂಚು ಆ ವಾರವೇ ಬೇರೆ ಜೋಡಿಗೆ ಹೋಯಿತು. ನಿನ್ನ ಜಾಗ ಉಳಿಸಲು ಆಗಲಿಲ್ಲ. ಅದೊಂದು ನನ್ನನ್ನು ತಿನ್ನುತ್ತಿದೆ. ಹಬ್ಬಕ್ಕೆ ಬಂದರೆ ಎಲ್ಲಿ ಕೂರಿಸಲಿ ನಿನ್ನನ್ನು?

ತಟ್ಟೆಯ ಉಪಾಯ ನಿನ್ನದು ಅಂತ ಅಲ್ಲಿ ಬಾಯಿ ಬಿಡಬೇಡ. ಬಿಟ್ಟರೆ ನಾನು ಕಳೆದುಕೊಂಡದ್ದು ದಂಡ.

ಕಸ್ಮಿರಾ


ಬೊಜೊನೆಗೊರೊ
೨೪ ಜನವರಿ ೧೯೯೫

ಅಕ್ಕಾ, ನನ್ನ ಅಕ್ಕಾ,

ನೀನು ಬೇಡ ಅಂದರೂ ಬಾಯಿ ಬಿಟ್ಟೆ. ಪತ್ರ ಓದಿ ಮುಗಿಸಿದವಳೇ ಮಾಸ್ ಹನಾಫಿಯ ಕಚೇರಿಗೆ ನುಗ್ಗಿದೆ. ಉಪಾಯ ನನ್ನದು, ಕಸ್ಮಿರಾಳದ್ದಲ್ಲ, ತೆಗೆಯುವುದಿದ್ದರೆ ನನ್ನನ್ನು ತೆಗೆಯಿರಿ ಅಂದೆ.

ಅವರು ನಕ್ಕರು. "ನನಗೆ ಯಾವತ್ತೋ ಗೊತ್ತು ಜುಮ್ರೊತುನ್. ಅಮ್ಮನಿಗೂ ಸಮಾಧಾನ, ನನಗೂ ಮಾಲು. ತಟ್ಟೆ ಇಟ್ಟಿದ್ದು ತಪ್ಪಲ್ಲ. ತೋರಿಸಿದ್ದು ತಪ್ಪು."

ಗೊತ್ತಿತ್ತಂತೆ ಅಕ್ಕಾ. ಗೊತ್ತಿದ್ದೂ ಅವತ್ತು ಎದ್ದೇಳು ಅಂದರು.

ಆಮೇಲೆ ಹೇಳಿದರು, ನಿನ್ನಂಥ ತಲೆಯಿರುವವಳು ಬೆಂಚಿನಲ್ಲಿ ಯಾಕೆ, ಇವತ್ತಿನಿಂದ ನೀನೇ ಇಲ್ಲಿನ ಮೇಸ್ತ್ರಿ ಅಂತ. ಬೇಡ ಅನ್ನಲು ಬಾಯಿ ತೆರೆದವಳಿಗೆ ನಿನ್ನ ನೆನಪಾಯಿತು. ಕಸ್ಮಿರಾಗೆ ಇಲ್ಲಿ ಕತ್ತರಿ ಕೊಡುವುದಾದರೆ ಮಾತ್ರ ಮೇಸ್ತ್ರಿಯಾಗುತ್ತೇನೆ ಅಂದೆ. ಜೀವಮಾನದಲ್ಲಿ ಯಜಮಾನರ ಮುಂದೆ ಷರತ್ತು ಹಾಕಿದ್ದು ಅದೇ ಮೊದಲು. ಅವರು ಒಪ್ಪಿದರು, ಕರೆಸಿಕೋ ಅಂದರು. ಗೇಟಿಗೂ ನಿನ್ನ ಹೆಸರು ಹೇಳಿಡುತ್ತಾರಂತೆ.

ಉಪವಾಸದ ತಿಂಗಳ ಮಧ್ಯದಲ್ಲಿ ಗಿಮಾನ್ ಲಾರಿ ಬರುತ್ತದೆ. ಅದರಲ್ಲಿ ಬಾ. ಕಿಟಕಿ ಪಕ್ಕದಲ್ಲೇ ಒಂದು ಬೆಂಚು ನೋಡಿಟ್ಟಿದ್ದೇನೆ. ನನ್ನ ಜಾಗ ನೀನು ಕಾದೆ, ಈ ಸಲ ನಿನ್ನ ಜಾಗ ನಾನು ಕಾಯುತ್ತೇನೆ. ಕತ್ತರಿಗೆ ಎಣ್ಣೆ ಹಾಕಿಡು.

ನಿನ್ನ ಜುಮ್


ಕುದುಸ್
೧೯ ಫೆಬ್ರವರಿ ೧೯೯೫

ಜುಮ್ರೊತುನ್,

ಅಲ್ಲಿಂದ ವಾಪಸ್ ಮನೆ ಸೇರಿದೆ. ನಿನಗೆ ಚಿಂತೆಯಾಗಬಾರದು ಅಂತ ಬರೆಯುತ್ತಿದ್ದೇನೆ.

ಕತ್ತರಿಗೆ ಎಣ್ಣೆ ಹಾಕಿ ಬಟ್ಟೆಯಲ್ಲಿ ಸುತ್ತಿ ತಂದಿದ್ದೆ. ನಿನಗೆ ಜೆನಾಂಗ್ ಮಿಠಾಯಿಯನ್ನೂ ತಂದಿದ್ದೆ, ಸಂಜೆ ಉಪವಾಸ ಬಿಡುವಾಗ ತಿನ್ನಲಿ ಅಂತ. ಗೇಟಿನ ಕಾವಲುಗಾರ ವಯಸ್ಸಾದವನು, ಒಳ್ಳೆಯವನು. ನನ್ನ ಹೆಸರು ಕೇಳಿ ತಲೆ ಕೆರೆದುಕೊಂಡ. ಕುದುಸಿನ ಕಸ್ಮಿರಾ ಬರುತ್ತಾಳೆ, ಒಳಗೆ ಬಿಡು ಅಂತ ಚಿಕ್ಕ ಯಜಮಾನರು ಹೇಳಿ ಸುರಬಾಯಕ್ಕೆ ಹೋಗಿದ್ದರಂತೆ. ಬೆಳಿಗ್ಗೆ ದೊಡ್ಡ ಯಜಮಾನಿ ದಿಢೀರನೆ ಬಂದು, ಕೆಲಸದಿಂದ ತೆಗೆದವರು ಯಾರೂ ಶೆಡ್ಡಿಗೆ ಕಾಲಿಡಕೂಡದು ಅಂದರಂತೆ. ಪಾಪ, ಅವನೂ ಇಬ್ಬರ ಮಾತೂ ಉಳಿಸಬೇಕಲ್ಲ. ನನ್ನನ್ನು ಗೇಟಿನ ಒಳಗೆ ಬಿಟ್ಟ, ಶೆಡ್ಡಿನ ಹೊರಗೆ ಕೂರಿಸಿದ. ಅಂಗಳದ ನಟ್ಟನಡುವೆ ಒಂದು ಕುರ್ಚಿ ಹಾಕಿಕೊಟ್ಟ. ನಗು ಬಂತು ನನಗೆ. ನೀನು ಹೊರಗೆ ಬಂದರೆ ಮೊದಲು ಇದನ್ನೇ ಹೇಳಿ ನಗಬೇಕು ಅಂದುಕೊಂಡೆ.

ಒಳಗಿನ ಕತ್ತರಿ ಸದ್ದು ಕೇಳುತ್ತಿತ್ತು. ಹುಡುಗಿಯರ ಕೈ ಪಳಗಿದೆ, ಚೆನ್ನಾಗಿ ಕಲಿಸಿದ್ದೀ.

ಕಿಟಕಿಯಲ್ಲಿ ನಿನ್ನ ಮುಖ ಕಂಡಿತು. ನೀನು ನನ್ನನ್ನು ನೋಡಿದೆ. ನಾನು ಕೈ ಎತ್ತಿದೆ. ನಿನ್ನ ಪಕ್ಕದಲ್ಲಿ ಬು ಹಾಜಿ ನಿಂತಿದ್ದರು. ನೀನು ಅವರ ಕಡೆ ತಿರುಗಿ ಏನೋ ಹೇಳಿದೆ, ಆಮೇಲೆ ಕಿಟಕಿಯಿಂದ ಸರಿದೆ. ಈಗ ಬರುತ್ತಾಳೆ ಅಂತ ತಲೆವಸ್ತ್ರ ಸರಿಮಾಡಿಕೊಂಡೆ.

ಬಂದದ್ದು ಕಾವಲುಗಾರ. ನೆಲ ನೋಡಿಕೊಂಡು ಹೇಳಿದ.

"ಹೊರಗೆ ಯಾರು ಕೂತಿರೋದು ಅಂತ ದೊಡ್ಡ ಯಜಮಾನಿ ಕೇಳಿದ್ರು ಅಕ್ಕಾ. ಮೇಸ್ತ್ರಿಗೆ ನಿಮ್ಮ ಪರಿಚಯ ಇಲ್ವಂತೆ."

ಲಾರಿ ಹೊರಡುವುದು ಸಂಜೆಗೆ, ಅದಕ್ಕೆ ಅಲ್ಲೇ ಕೂತಿದ್ದೆ. ಕುರ್ಚಿಯನ್ನು ನೆರಳಿಗೆ ಎಳೆದುಕೊಳ್ಳಿ ಅಂತ ಅವನು ಎರಡು ಸಲ ಹೇಳಿದ. ಉಪವಾಸ ಬಿಡುವ ಹೊತ್ತಿಗೆ ನಾನೂ ಗಿಮಾನೂ ದಾರಿಯಲ್ಲಿದ್ದೆವು, ಆ ಮಿಠಾಯಿಯನ್ನೇ ತಿಂದೆವು.

ನಿನ್ನನ್ನು ತಪ್ಪು ಅನ್ನುವುದಿಲ್ಲ. ಮುಂದೆ ಯಾರು ನಿಂತಿದ್ದಾರೋ ಅವರ ಮಾತು. ನಾವೆಲ್ಲ ಬದುಕಿದ್ದೇ ಹಾಗೆ. ನಾನು ಮುಂದೆ ನಿಂತಿರಲಿಲ್ಲ, ಹೊರಗೆ ಕೂತಿದ್ದೆ.

ಕತ್ತರಿಯನ್ನು ಗಿಮಾನ್ ಕೈಯಲ್ಲಿ ಕಳಿಸಿದ್ದೇನೆ. ಹುಡುಗಿಯರಲ್ಲಿ ಯಾರಿಗಾದರೂ ಕೊಡು. ಎಡಗಡೆಯ ಅಲಗು ಸ್ವಲ್ಪ ಮೊಂಡು, ಹೇಳಿ ಕೊಡು.

ಕಸ್ಮಿರಾ


ಬೊಜೊನೆಗೊರೊ
೨೨ ಮಾರ್ಚ್ ೧೯೯೫

ಕಸ್ ಅಕ್ಕಾ,

ಹಬ್ಬಕ್ಕೆ ಮುಂಚೆ ಬರೆದದ್ದನ್ನೆಲ್ಲ ಹರಿದು ಹಾಕಿದೆ. ಒಂದೊಂದರಲ್ಲೂ ಒಂದೊಂದು ನೆಪವಿತ್ತು. ಕೆಲಸ ಹೋದೀತು ಅಂತ, ನಿನಗೆ ಕೊಡಿಸಬೇಕಾದ ಬೆಂಚೂ ಹೋದೀತು ಅಂತ, ಅವರು ಹೊರಟ ಮೇಲೆ ಓಡಿ ಬರೋಣ ಅಂತ. ಅವರು ಹೊರಟ ಮೇಲೆ ನಾನು ಓಡಿ ಬಂದೆ. ಅಂಗಳದಲ್ಲಿ ಕುರ್ಚಿ ಮಾತ್ರ ಇತ್ತು. ಬಿಸಿಲಲ್ಲೇ ಇತ್ತು.

ಲೆಬರಾನ್ ದಿನ ನಿನ್ನ ಮನೆಗೆ ಬಂದಾಗ ನೀ‌ನು ಬಾಗಿಲು ತೆಗೆಯುವುದಿಲ್ಲ ಅಂದುಕೊಂಡಿದ್ದೆ. ತೆಗೆದೆ. ತಿಂಡಿಯ ಡಬ್ಬಿಗಳನ್ನೆಲ್ಲ ನನ್ನ ಮುಂದೆ ಸಾಲಾಗಿ ಇಟ್ಟೆ. ನೆಂಟರಿಗೆ ಮಾತ್ರ ತೆಗೆಯುವ ಹೂವಿನ ಲೋಟದಲ್ಲಿ ಚಹಾ ಕೊಟ್ಟೆ. ನಾನು ಬಗ್ಗಿ ನಿನ್ನ ಕೈ ಹಣೆಗೆ ಒತ್ತಿಕೊಂಡು ಕ್ಷಮಿಸು ಅಂದೆ. ಒಳಗಿನದೂ ಹೊರಗಿನದೂ ಎಲ್ಲ ಕ್ಷಮಿಸಿದ್ದೇನೆ ಅಂದೆ ನೀನು, ಹಬ್ಬದ ದಿನ ಎಲ್ಲರೂ ಎಲ್ಲರಿಗೂ ಅನ್ನುವ ಹಾಗೆ. ನನ್ನ ಹಿಂದೆ ನಿಂತಿದ್ದ ಪಕ್ಕದ ಮನೆಯವಳಿಗೂ ಅದನ್ನೇ ಅಂದೆ, ಅದೇ ದನಿಯಲ್ಲಿ. ಹೊರಡುವಾಗ ದಾರ್ಮಾಜಿ ಬಾವ ಒಂದು ತಮಾಷೆ ಮಾಡಲು ನೋಡಿದರು, ನಿನ್ನ ಮುಖ ನೋಡಿ ರಿಕ್ಷಾ ಒರೆಸಲು ಹೋದರು. ನೀನು ಬಾಗಿಲ ತನಕ ಬಂದು, "ಹೋಗಿಬನ್ನಿ ಮೇಸ್ತ್ರಿ" ಅಂದೆ.

ದಾರಿಯಲ್ಲಿ ನಮ್ಮ ಶೆಡ್ಡಿನ ಮುಂದೆ ಬಂದೆ. ಯಂತ್ರ ಇಳಿಸಿದ್ದಾರೆ, ಟಾರ್ಪಾಲು ಹೊದಿಸಿದೆ. ಬು ಹಾಜಿ ಅದಕ್ಕೆ ಬೆನ್ನು ಮಾಡಿ ಕುರ್ಚಿ ಹಾಕಿಕೊಂಡು, ಬಂದವರಿಗೆಲ್ಲ ಹಸಿರು ಬಟ್ಟೆ ಕೊಡುತ್ತಿದ್ದರು. ನೀನು ಹೇಳಿದ ಬಣ್ಣ. ನನ್ನನ್ನು ಕಂಡು, ಕಸ್ಮಿರಾಗೆ ಹೀಗೆ ಹೇಳು ಅಂತ ಏನೋ ಹೇಳಿದರು. ಆಮೇಲೆ ಮಾಸ್ ಹನಾಫಿ ಬೇರೆ ಏನೋ ಹೇಳಿದರು. ಇಬ್ಬರಿಗೂ ತಲೆಯಾಡಿಸಲಿಲ್ಲ. ಅವರ ಮಾತನ್ನು ನಿನ್ನ ಮನೆಗೆ ಇನ್ನು ನಾನು ತರುವುದಿಲ್ಲ. ಬೇಕಾದರೆ ಅವರೇ ಬಂದು ನಿನ್ನ ಮುಂದೆ ನಿಂತು ಹೇಳಲಿ.

ನಿನ್ನ ಕತ್ತರಿ ಯಾರಿಗೂ ಕೊಟ್ಟಿಲ್ಲ. ಕಿಟಕಿ ಪಕ್ಕದ ಬೆಂಚಿನಲ್ಲಿ ಇಟ್ಟಿದ್ದೇನೆ. ಯಾರಾದರೂ ಕೂರಲು ಬಂದರೆ ಇದು ಕಸ್ ಜಾಗ ಅನ್ನುತ್ತೇನೆ. ಮೇಸ್ತ್ರಿಗೆ ತಲೆ ಕೆಟ್ಟಿದೆ ಅಂತ ಹುಡುಗಿಯರು ಮಾತಾಡಿಕೊಳ್ಳುತ್ತಾರೆ.

ನೀನು ಕ್ಷಮಿಸಿದ್ದು ನನಗೆ ಬೇಡ, ಅಕ್ಕಾ. ಊರಿಗೆಲ್ಲ ಕೊಟ್ಟದ್ದನ್ನು ನನಗೆ ಕೊಡಬೇಡ. ನಾಳೆ ಗಿಮಾನ್ ಈ ಪತ್ರ ತರುತ್ತಾನೆ, ಅವನ ಕೈಯಲ್ಲಿ ಒಂದು ಸಾಲು ಕೊಟ್ಟರೆ ಸಾಕು. ಕಪಿ ಅಂತ ಬರೆ. ತಲೆಹರಟೆ ಅಂತ ಬರೆ. ಬೈದಾದರೂ ಬರೆ.

ಜುಮ್